ಗೌರವಧನವೆಂಬ ಮರ್ಯಾದೆಯ ಮಾತು

ಕೈಯಲ್ಲಿ ಸ್ವಂತ ಸಂಪಾದನೆ ಇದ್ದರೆ ಹೊಡೆತದ ಮನೆಯಿಂದ ಹೊರಬರುವುದು ಹೆಣ್ಣಿಗೆ ಅಷ್ಟರ ಮಟ್ಟಿಗೆ ಸುಲಭ ಎಂದು ಮಹಿಳಾ ಚಳವಳಿ ಮೊದಲಿನಿಂದಲೂ ಹೇಳುತ್ತ ಬಂದಿದೆ. ಮಾತು ನಿಜ. ಆದರೆ ಹಾಗೆ ಹೊರಬಂದವಳನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು, ಅವಳ ಕಥೆ ಕೇಳಿಸಿಕೊಳ್ಳುವ ಇನ್ನೊಬ್ಬ ಹೆಣ್ಣಿದ್ದಾಳಲ್ಲ, ಅವಳ ಸಂಪಾದನೆಯ ಬಗ್ಗೆ ನಾವು ಎಷ್ಟು ಯೋಚಿಸಿದ್ದೇವೆ? ಸಾಂತ್ವನ ಕೇಂದ್ರದ ಆಪ್ತ ಸಮಾಲೋಚಕಿ, ಆಶ್ರಯಗೃಹದಲ್ಲಿ ರಾತ್ರಿ ಉಳಿಯುವಾಕೆ, ಹಳ್ಳಿಯಲ್ಲಿ ಜಗಳದ ಸುದ್ದಿ ಮೊದಲು ತಿಳಿಯುವ ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ. ಇವರಲ್ಲಿ ಕೆಲವರಿಗೆ ವರ್ಷದ ಗುತ್ತಿಗೆ, ಉಳಿದವರಿಗೆ ಗೌರವಧನ. ಸಂಬಳ ಎಂಬ ಪದವನ್ನು ತಪ್ಪಿಸಲು ಎಷ್ಟು ಮರ್ಯಾದೆಯ ಮಾತು!

ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸಿದವಳಾದ್ದರಿಂದ, ಎಂ.ಎಸ್.ಡಬ್ಲ್ಯೂ. ಮಾಡಿ ಈ ಕೆಲಸಕ್ಕೆ ಹೋದ ಹುಡುಗಿಯರನ್ನು ಬಲ್ಲೆ. ಐದಾರು ವರ್ಷ ಬಿಟ್ಟು ಸಿಕ್ಕಾಗ ಒಬ್ಬಳು ಖಾಸಗಿ ಶಾಲೆಯಲ್ಲಿರುತ್ತಾಳೆ, ಇನ್ನೊಬ್ಬಳು ಕಂಪನಿಯ ಸಿಬ್ಬಂದಿ ವಿಭಾಗದಲ್ಲಿ. ಕೆಲಸ ಬೇಸರವಾಯಿತೇ ಎಂದು ಕೇಳಿದರೆ, “ಇಲ್ಲ ಮೇಡಂ, ಬಿಟ್ಟದ್ದಕ್ಕೇ ಬೇಸರ. ಆದರೆ ಪ್ರತಿ ಮಾರ್ಚಿನಲ್ಲೂ ಅನುದಾನ ಬರುತ್ತೋ ಇಲ್ಲವೋ ಅಂತ ಕಾಯೋದು ಸಾಕಾಯ್ತು” ಎನ್ನುತ್ತಾರೆ.

ಬಿಟ್ಟು ಹೋದವಳ ಜೊತೆ ಏನು ಹೋಗುತ್ತದೆ ಎಂಬುದನ್ನು ಯಾವ ಇಲಾಖೆಯೂ ಲೆಕ್ಕ ಹಾಕುವುದಿಲ್ಲ. ಆಪ್ತ ಸಮಾಲೋಚನೆ ಪದವಿಯಿಂದ ಶುರುವಾಗುತ್ತದೆ ಅಷ್ಟೇ, ಕಲಿಯುವುದು ವರ್ಷಗಳಿಂದ. ಯಾವ ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಾರೆ, ಯಾವ ಠಾಣೆಯಲ್ಲಿ ರಾಜಿ ಮಾಡಿಸಿ ಕಳಿಸುತ್ತಾರೆ; ಸುಟ್ಟ ಗಾಯ “ಸ್ಟೌವ್ ಸಿಡಿದದ್ದು” ಎಂದು ಹೇಳುವವಳ ಪಕ್ಕದಲ್ಲಿ ಅತ್ತೆ ನಿಂತಿದ್ದಾಳೆಯೇ ಎಂದು ನೋಡುವುದು; ಸ್ತ್ರೀಧನದ ಪಟ್ಟಿಯನ್ನು ನೆನಪಿನಿಂದ ಹೇಗೆ ಬರೆಸುವುದು; ಮೌನವಾಗಿ ಕೂತವಳನ್ನು ಎಷ್ಟು ಹೊತ್ತು ಮೌನವಾಗಿಯೇ ಬಿಡಬೇಕು. ಇದೆಲ್ಲ ಕಡತದಲ್ಲಿ ಉಳಿಯುವುದಿಲ್ಲ. ನೊಂದ ಹೆಣ್ಣು ಆರು ತಿಂಗಳ ಮೇಲೆ ಮತ್ತೆ ಬರುತ್ತಾಳೆ. ಕುರ್ಚಿಯಲ್ಲಿ ಹೊಸ ಮುಖ. ಮದುವೆಯ ದಿನದಿಂದ ಮೊದಲ್ಗೊಂಡು ಎಲ್ಲವನ್ನೂ ಮತ್ತೊಮ್ಮೆ ಹೇಳಬೇಕು. ಎರಡನೆಯ ಸಲ ಹೇಳಲಾರದೆ ಎದ್ದು ಹೋದವರೂ ಇದ್ದಾರೆ.

ನಮ್ಮ ರಾಜ್ಯಕ್ಕೆ ಈ ಗೌರವಧನದ ಕಥೆಯಲ್ಲಿ ದೊಡ್ಡ ಪಾತ್ರವೇ ಇದೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಪ್ರಯೋಗಕ್ಕೆ ಬಂದಾಗ ಅದರಲ್ಲಿ ಟಿ. ನರಸೀಪುರವೂ ಒಂದು. ಮೂರು ದಶಕ ಕಳೆದು, 2006ರ ಡಿಸೆಂಬರ್‌ನಲ್ಲಿ, ಕರ್ನಾಟಕದಿಂದಲೇ ಹೋದ ಅಮೀರ್‌ಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿ ಕಾರ್ಯಕರ್ತೆಯದು ಸರ್ಕಾರಿ ಹುದ್ದೆಯಲ್ಲ ಎಂದಿತು. 2013ರಲ್ಲಿ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಯೋಜನಾ ಕಾರ್ಯಕರ್ತೆಯರನ್ನು ಕಾರ್ಮಿಕರೆಂದು ಒಪ್ಪಿ ಕನಿಷ್ಠ ವೇತನ, ಸಾಮಾಜಿಕ ಭದ್ರತೆ ಕೊಡಬೇಕೆಂದು ಶಿಫಾರಸು ಮಾಡಿತು. ಶಿಫಾರಸು ಶಿಫಾರಸಾಗಿಯೇ ಉಳಿಯಿತು. 2018ರಲ್ಲಿ ಕೇಂದ್ರ ಸರ್ಕಾರ ಅಂಗನವಾಡಿ ಕಾರ್ಯಕರ್ತೆಗೆ ತಾನು ಗೊತ್ತುಪಡಿಸಿದ ಗೌರವಧನವನ್ನು 3000 ರೂಪಾಯಿಯಿಂದ 4500ಕ್ಕೆ ಏರಿಸಿತು. ಕೊನೆಗೆ 2022ರ ಏಪ್ರಿಲ್ 25ರಂದು, ಗುಜರಾತಿನ ಪ್ರಕರಣವೊಂದರಲ್ಲಿ, ಗೌರವಧನವೆಂದು ಕರೆದರೂ ಅದು ವೇತನವೇ, ಇವರಿಗೆ ಗ್ರಾಚ್ಯುಯಿಟಿ ಸಲ್ಲಬೇಕು ಎಂದು ಅದೇ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅದನ್ನು ಇಲ್ಲಿ ಜಾರಿ ಮಾಡಿ ಎಂದು ಕೇಳುವುದಕ್ಕೂ 2023ರ ಜನವರಿಯ ಚಳಿಯಲ್ಲಿ ನಮ್ಮ ಹೆಣ್ಣುಮಕ್ಕಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲುರಾತ್ರಿ ಕೂರಬೇಕಾಯಿತು.

ಕಾನೂನಿನ ಕಡೆಯೂ ಇದೇ ಚಾಳಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್‌ನಲ್ಲಿ. ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ, 60 ದಿನದಲ್ಲಿ ಇತ್ಯರ್ಥ ಎಂದು ಅದು ಹೇಳುತ್ತದೆ. ಇದಕ್ಕೆಲ್ಲ ಆಧಾರ ಸಂರಕ್ಷಣಾಧಿಕಾರಿ. ಕರ್ನಾಟಕದಲ್ಲಿ ಆ ಹೊಣೆಯನ್ನು ಹೊರಿಸಿದ್ದು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಮೇಲೆ. ಮೊಟ್ಟೆ, ಬೇಳೆ, ಬಾಡಿಗೆ ಕಟ್ಟಡ, ಸಭೆಗಳ ನಡುವೆ ಅವರು ನ್ಯಾಯಾಲಯಕ್ಕೂ ಓಡಬೇಕು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳೂ ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಇಲಾಖೆಯ ಅಧಿಕಾರಿಗಳನ್ನು ಗುರುತಿಸಿ ಸಂರಕ್ಷಣಾಧಿಕಾರಿಗಳೆಂದು ಹೆಸರಿಸಬೇಕೆಂದು ಹೇಳಿತು. ಒಳ್ಳೆಯದೇ. ಆದರೆ ಇದ್ದವರ ಕೊರಳಿಗೆ ಇನ್ನೊಂದು ಫಲಕ ಕಟ್ಟುವುದೂ ಹುದ್ದೆ ಸೃಷ್ಟಿಸುವುದೂ ಒಂದೇ ಅಲ್ಲ.

ಸಂಬಳದ ಮಾತೆತ್ತಿದರೆ ಸೇವಾ ಮನೋಭಾವ ಹೋಗುತ್ತದೆ ಎನ್ನುವವರು ನಮ್ಮೊಳಗೇ ಇದ್ದಾರೆ. ನ್ಯಾಯಾಧೀಶರು, ವೈದ್ಯರು ಸಂಬಳ ಎಣಿಸಿಕೊಂಡರೆ ಅವರ ಮನೋಭಾವಕ್ಕೆ ಏನೂ ಆಗುವುದಿಲ್ಲ. ಕಣ್ಣೀರು ಒರೆಸುವವಳ ಮನೋಭಾವ ಮಾತ್ರ ಅಷ್ಟು ನಾಜೂಕು! ಮನೆಯಲ್ಲಿ ಸೊಸೆಯ ಚಾಕರಿಗೆ ಬೆಲೆಯಿಲ್ಲ ಎನ್ನುವ ಲೆಕ್ಕವೇ ಇಲ್ಲಿ ಸೇವೆಯ ಹೆಸರಿನಲ್ಲಿ ಬಂದಿದೆ. ಗಂಡನನ್ನು ಬಿಟ್ಟು ಬಂದು, ಚೇತರಿಸಿಕೊಂಡು, ಇದೇ ಕೆಲಸಕ್ಕೆ ನಿಂತವರಿಗೂ ನಾವು ಗೌರವಧನವನ್ನೇ ಕೊಟ್ಟರೆ ಅವರು ಮನೆ ಬಾಡಿಗೆಗೆ ಮತ್ತೆ ಯಾರ ಮುಖ ನೋಡಬೇಕು?

ಆದ್ದರಿಂದ ಈ ಕ್ಷೇತ್ರಕ್ಕೆ ಬರುವ ಹುಡುಗಿಯರು ಸಂಕೋಚವಿಲ್ಲದೆ ಮೊದಲ ದಿನವೇ ಕೇಳಲಿ. ನೇಮಕಾತಿ ಪತ್ರ ಇದೆಯೇ? ಭವಿಷ್ಯ ನಿಧಿ ಇದೆಯೇ? ಇಪ್ಪತ್ತು ಜನರಿಲ್ಲದ ಸಂಸ್ಥೆಗೆ ಅದು ಕಡ್ಡಾಯವಲ್ಲ ನಿಜ, ಆದರೆ ಮನಸ್ಸಿದ್ದರೆ ತಾವಾಗಿಯೇ ಸೇರಬಹುದು. ಮಹಿಳಾ ಸಂಘಟನೆಗಳೂ ಇದಕ್ಕೆ ಹೊರತಲ್ಲ. ನಮ್ಮ ಕಚೇರಿಗಳಲ್ಲಿ ದುಡಿಯುವವರೂ ಈ ಪ್ರಶ್ನೆ ಕೇಳಲಿ. ಸರ್ಕಾರದಿಂದ ಕೇಳಬೇಕಾದ್ದು ಬೇರೆ: ಸಮಾಲೋಚಕಿ ಎಂಬ ಹುದ್ದೆಗೆ ವೇತನ ಶ್ರೇಣಿ, ಹಿರಿಯ ಸಮಾಲೋಚಕಿಯಾಗಿ, ಜಿಲ್ಲೆಯ ತರಬೇತುಗಾರ್ತಿಯಾಗಿ ಮೇಲೇರುವ ಮೆಟ್ಟಿಲು, ದಿನವಿಡೀ ಬೇರೆಯವರ ನೋವು ಕೇಳುವವಳಿಗೆ ತನ್ನ ಭಾರ ಇಳಿಸಿಕೊಳ್ಳಲು ತಿಂಗಳಿಗೊಂದು ದಿನ. ಒಂದು ಕೇಂದ್ರ ಮುಚ್ಚಿ ಇನ್ನೊಂದಕ್ಕೆ ಹೋದಾಗ ಅವಳ ಹಳೆಯ ವರ್ಷಗಳೂ ಸೇವಾವಧಿಯಲ್ಲಿ ಸೇರಬೇಕು. ನಲವತ್ತರ ವಯಸ್ಸಿನಲ್ಲಿ ಮತ್ತೆ ಮೊದಲ ದಿನದ ಸಂಬಳಕ್ಕೆ ಸಹಿ ಹಾಕುವಂತಾಗಬಾರದು.