ಪ್ರಾಕ್ಸಿ ಹಾಕಿಕೊಂಡರೆ ಸಾಕೇ?

"ಅಕ್ಕಾ, ನೀವು ಹೇಳ್ದಂಗ ಪ್ರಾಕ್ಸಿ ಹಾಕ್ಕಂಡಿದ್ನಲ್ಲ, ಆದ್ರೂ ಅವ್ರಿಗೆ ಹೆಂಗ ಗೊತ್ತಾತು?"

ಹೊಸಪೇಟೆಯಲ್ಲಿ ಗೆಳತಿಯೊಬ್ಬಳ ಹೊಲಿಗೆ ಅಂಗಡಿಯ ಮೂಲೆಯಲ್ಲಿ ಕುಳಿತು ಆ ಹುಡುಗಿ ಕೇಳಿದ ಈ ಪ್ರಶ್ನೆಗೆ ನನ್ನಲ್ಲಿ ಆಗ ಉತ್ತರವಿರಲಿಲ್ಲ. ಅವಳ ತವರು ಕಂಪ್ಲಿ ಕಡೆಯ ಹಳ್ಳಿ. ಕೊಟ್ಟದ್ದು ಸಂಡೂರಿಗೆ. ಮದುವೆಯಲ್ಲಿ ಕೊಟ್ಟ ಬಂಗಾರ, ಬೈಕು ಯಾವುದೂ ಸಾಲದೆ, ಅದಿರು ಸಾಗಿಸುವ ಲಾರಿಯ ಸಾಲದ ಕಂತು ಕಟ್ಟಲು ತವರಿನಿಂದ ಹಣ ತಾ ಎಂದು ಗಂಡ ಒಂದು ವರ್ಷದಿಂದ ಪೀಡಿಸುತ್ತಿದ್ದ. ಮನೆಯಲ್ಲಿ ವೈಫೈ ಇತ್ತು, ಅವಳ ಕೈಯಲ್ಲಿ ಸ್ಮಾರ್ಟ್‌ಫೋನೂ ಇತ್ತು. ಆದರೆ ದೂರು ಎಲ್ಲಿ ಕೊಡಬೇಕು, ಸಂಡೂರಿನಲ್ಲೋ ಕಂಪ್ಲಿಯಲ್ಲೋ ಹೊಸಪೇಟೆಯಲ್ಲೋ ಎಂದು ಆ ಫೋನಿನಲ್ಲಿ ಹುಡುಕಲು ಅವಳಿಗೆ ಭಯ. ವೈಫೈ ಹಾಕಿಸಿದವನು ಮೈದುನ. ಅವನಿಗೆ ಎಲ್ಲವೂ ಕಾಣುತ್ತದೆ ಎಂದು ಅತ್ತೆ ಆಗಾಗ ಹೆದರಿಸುತ್ತಿದ್ದಳು.

ಧೈರ್ಯ ಹೇಳಿದವಳು ನಾನೇ. ನಮ್ಮ ಕಡೆ ಜನ ಪ್ರಾಕ್ಸಿ ಎಂದೂ ವಿಪಿಎನ್ ಎಂದೂ ಕರೆಯುವ ಪುಕ್ಕಟೆ ಆ್ಯಪ್ ಒಂದನ್ನು ಅವಳ ಫೋನಿಗೆ ಹಾಕಿಕೊಟ್ಟು, "ಇನ್ನ ಯಾರಿಗೂ ಕಾಣೂದಿಲ್ಲ ಹೋಗವ್ವ" ಎಂದೆ. ನಾಲ್ಕೇ ದಿನಕ್ಕೆ ಗಂಡ ಅವಳು ಹುಡುಕಿದ ಮಾತುಗಳನ್ನು ಒಂದೊಂದಾಗಿ ಓದಿ ಹೇಳಿದ. ಆಮೇಲೆ ಹೊಡೆದ. ಅವಳು ಉಟ್ಟ ಸೀರೆಯಲ್ಲೇ ಹೊಸಪೇಟೆಯ ದೊಡ್ಡಮ್ಮನ ಮನೆ ಸೇರಿದಳು.

ಈ ಲೇಖನ ಬರೆಯಲು ಕಾರಣ ನನ್ನ ಆ ಅರೆಬರೆ ತಿಳುವಳಿಕೆ. ನಮ್ಮಲ್ಲಿಗೆ ಬರುವ ಹೆಣ್ಣುಮಕ್ಕಳ ಕೈಯಲ್ಲಿ ಈಗ ಫೋನ್ ಇದೆ ಎಂದು ನಾವು ಸಂತೋಷಪಟ್ಟೆವು. ಆ ಫೋನ್ ಯಾರದು ಎಂದು ಕೇಳಲಿಲ್ಲ.

ನಡೆದದ್ದು ಇಷ್ಟು. ಫೋನ್ ಕೊಡಿಸಿದವನು ಗಂಡ. ಅದರಲ್ಲಿ ಗೂಗಲ್ ಖಾತೆ ತೆರೆದವನೂ ಅವನೇ, ಪಾಸ್‌ವರ್ಡ್ ಅವನ ಹತ್ತಿರ. ಅದೇ ಖಾತೆ ಅವನ ಫೋನಿನಲ್ಲೂ ತೆರೆದಿತ್ತು. ಅವಳು ಏನು ಹುಡುಕಿದರೂ ಆ ಖಾತೆಯಲ್ಲಿ ದಾಖಲಾಗಿ ಅವನ ಫೋನಿನಲ್ಲಿ ಕಾಣುತ್ತಿತ್ತು. ದಾರಿಯನ್ನು ಎಷ್ಟು ಮುಚ್ಚಿದರೇನು, ಮನೆಯ ಬಾಗಿಲೇ ತೆರೆದಿತ್ತು. ಸಾಲದ್ದಕ್ಕೆ, ವಿಪಿಎನ್ ನಡೆಯುತ್ತಿರುವಾಗ ಆಂಡ್ರಾಯ್ಡ್ ಫೋನಿನ ನೆತ್ತಿಯ ಮೇಲೆ ಬೀಗದ ಕೈಯಂಥ ಚಿಕ್ಕ ಗುರುತು ಮೂಡುತ್ತದೆ. "ಮುಚ್ಚಿಡಾಕ ನಿನ್ನತ್ರ ಏನೈತಿ?" ಎಂದು ಗಂಡನಿಗೆ ಅನುಮಾನ ಬಂದದ್ದೇ ಆ ಗುರುತಿನಿಂದ. ರಕ್ಷಣೆಗೆಂದು ನಾನು ಕೊಟ್ಟದ್ದೇ ಅವಳ ಮೇಲಿನ ದೂರಾಯಿತು.

ಹಾಗಾದರೆ ಈ ಪ್ರಾಕ್ಸಿ ಎಂದರೇನು? ಐವತ್ತು ದಾಟಿದ ಗೆಳತಿಯರಿಗೆ ಇದು ಹೊಸದೇನಲ್ಲ. ನಾವು ಹೊಸದಾಗಿ ಗಂಡನ ಮನೆಗೆ ಹೋದ ಕಾಲದಲ್ಲಿ ತವರಿನಿಂದ ಬಂದ ಇನ್‌ಲ್ಯಾಂಡ್ ಪತ್ರವನ್ನು ಮೊದಲು ಒಡೆಯುತ್ತಿದ್ದವರು ಅತ್ತೆ ಮಾವಂದಿರು. ನಾವು ಬರೆದ ಪತ್ರವೂ ಅವರ ಕಣ್ಣು ದಾಟಿಯೇ ಅಂಚೆಪೆಟ್ಟಿಗೆ ಸೇರಬೇಕು. ಹೊಡೆತದ ಸುದ್ದಿ ತವರಿಗೆ ಮುಟ್ಟಿಸಲು ಎಷ್ಟೋ ಹೆಣ್ಣುಮಕ್ಕಳು ಪಕ್ಕದ ಮನೆಯಾಕೆಯ ವಿಳಾಸ ಇಟ್ಟುಕೊಳ್ಳುತ್ತಿದ್ದರು. ಪತ್ರ ಅವಳ ಹೆಸರಿಗೆ ಬರುತ್ತಿತ್ತು, ಅವಳ ಕೈಯಿಂದಲೇ ಹೋಗುತ್ತಿತ್ತು. ಅಂತರ್ಜಾಲದಲ್ಲಿ ಪ್ರಾಕ್ಸಿ ಸರ್ವರ್ ಮಾಡುವುದೂ ಇದನ್ನೇ. ನೀವು ಕೇಳಿದ್ದನ್ನು ಅದು ತನ್ನ ಹೆಸರಿನಲ್ಲಿ ಕೇಳಿ ತಂದುಕೊಡುತ್ತದೆ. ಆಚೆಯ ತಾಣಕ್ಕೆ ನಿಮ್ಮ ವಿಳಾಸ ತಿಳಿಯುವುದಿಲ್ಲ.

ಆದರೆ ಬರೀ ಪ್ರಾಕ್ಸಿ ಎಂದರೆ ಅಂಟಿಸದ ಲಕೋಟೆಯನ್ನು ಪಕ್ಕದ ಮನೆಯಾಕೆಗೆ ಕೊಟ್ಟು ಕಳಿಸಿದಂತೆ. ನಿಮ್ಮಿಂದ ಅವಳವರೆಗಿನ ದಾರಿಯಲ್ಲಿ ನಿಂತವನು ಇಣುಕಬಹುದು. ವಿಪಿಎನ್ ಹಾಗಲ್ಲ. ಅದು ನಿಮ್ಮ ಫೋನಿನಿಂದ ಹೊರಡುವಾಗಲೇ ಎಲ್ಲವನ್ನೂ ಗೂಢಲಿಪಿಗೆ ತಿರುಗಿಸಿ ಅಂಟಿಸುತ್ತದೆ. ಬ್ರೌಸರಿನ ಇನ್‌ಕಾಗ್ನಿಟೊ ಎಂಬ ಕಿಟಕಿಯನ್ನು ನಂಬಿದವರೂ ಬಹಳ ಜನ. ಅದು ಫೋನಿನಲ್ಲಿ ಇತಿಹಾಸ ಉಳಿಯದಂತೆ ನೋಡಿಕೊಳ್ಳುತ್ತದೆಯೇ ಹೊರತು ವೈಫೈ ಒಡೆಯನಿಂದ ಏನನ್ನೂ ಮರೆಮಾಡುವುದಿಲ್ಲ.

ಇವು ಎಲ್ಲಿ ಉಪಯೋಗಕ್ಕೆ ಬರುತ್ತವೆ ಎಂಬುದಕ್ಕೆ ಹಂಪಿಯ ಉದಾಹರಣೆ ಕೊಡುತ್ತೇನೆ. ಅಲ್ಲಿನ ಅತಿಥಿಗೃಹಗಳಲ್ಲಿ ಹಾಸಿಗೆ ಬಟ್ಟೆ ಒಗೆಯುವ, ಅಡುಗೆ ಮಾಡುವ ಹೆಣ್ಣುಮಕ್ಕಳಿದ್ದಾರೆ. ಫೋನ್ ತಮ್ಮ ದುಡಿಮೆಯದೇ ಆದರೂ ರೀಚಾರ್ಜ್ ಗಂಡನ ಮರ್ಜಿ. ಅದಕ್ಕೆಂದೇ ಕೆಲಸದ ಜಾಗದ ವೈಫೈಯನ್ನು ಬಳಸುತ್ತಾರೆ. ಅದರ ಪಾಸ್‌ವರ್ಡನ್ನು ಗೋಡೆಗೆ ಅಂಟಿಸಿರುತ್ತಾರೆ. ಬಂದ ಪ್ರವಾಸಿಗರಿಗೂ ಅದೇ, ಮಾಲೀಕನ ಮಗನಿಗೂ ಅದೇ. ವೈಫೈ ಗಾಳಿಯಲ್ಲಿ ಹೋಗುವ ಮಾತು, ಅದಕ್ಕೆ ಗೋಡೆಯ ತಡೆಯಿಲ್ಲ. ಇಂದು ಬಹುಪಾಲು ತಾಣಗಳು ತಾವೇ ಗೂಢಲಿಪಿ ಬಳಸುವುದರಿಂದ ನೀವು ಓದಿದ್ದು, ಬರೆದದ್ದು ಹೊರಗೆ ಕಾಣುವುದಿಲ್ಲ ನಿಜ. ಆದರೆ ಯಾವ ತಾಣಕ್ಕೆ ಹೋದಿರಿ ಎಂಬ ಹೆಸರು ಸಾಮಾನ್ಯವಾಗಿ ಕಾಣುತ್ತದೆ. ಮಹಿಳಾ ಸಹಾಯವಾಣಿಯ ತಾಣ ಎಂಬ ಹೆಸರೊಂದೇ ಸಾಲದೇ, ಊರಲ್ಲಿ ಮಾತು ಹುಟ್ಟಲು? ಫೋನ್ ಅವಳದೇ, ಪಾಸ್‌ವರ್ಡ್ ಅವಳದೇ, ಕಾವಲು ಮಾತ್ರ ವೈಫೈ ಒಡೆಯನದು ಎಂಬಂಥ ಇಂಥ ಕಡೆ ವಿಪಿಎನ್ ನಿಜಕ್ಕೂ ಆಸರೆ.

ಸಂಡೂರಿನ ಆ ಮನೆಯಲ್ಲಿ ಹಾಗಿರಲಿಲ್ಲ. ಅಲ್ಲಿ ಕಾವಲು ಇದ್ದದ್ದು ಫೋನಿನ ಒಳಗೇ. ವಾಟ್ಸಾಪನ್ನು ಇನ್ನೊಂದು ಯಂತ್ರಕ್ಕೆ ಜೋಡಿಸಿದರೆ ಬಂದ ಸಂದೇಶವೆಲ್ಲ ಅಲ್ಲೂ ಬರುತ್ತದೆ. ಮ್ಯಾಪಿನಲ್ಲಿ ಸ್ಥಳ ಹಂಚಿಕೆ ಮಾಡಿಟ್ಟರೆ ನೀವು ಸಂತೆಗೆ ಹೋದಿರೋ ಠಾಣೆಗೆ ಹೋದಿರೋ ತಿಳಿಯುತ್ತದೆ. ಹೆಂಡತಿಯ ಮೇಲೆ ಕಣ್ಣಿಡಲೆಂದೇ ಗುಟ್ಟಾಗಿ ಹಾಕುವ ಆ್ಯಪ್‌ಗಳೂ ಇವೆ. ವೈಫೈ ಸೆಟ್ಟಿಂಗಿನಲ್ಲಿ ಪ್ರಾಕ್ಸಿ ಎಂಬ ಜಾಗವಿದೆಯಲ್ಲ, ಅಲ್ಲಿ ಗಂಡನೇ ತನ್ನ ಯಂತ್ರದ ವಿಳಾಸ ಬರೆದಿಟ್ಟರೆ ಅವಳ ಬ್ರೌಸರು ಹೋಗುವ ದಾರಿ ಅವನ ಕೈಕೆಳಗೇ ಹಾದುಹೋಗುತ್ತದೆ. ಪಕ್ಕದ ಮನೆಯಾಕೆ ಅತ್ತೆಯ ಗೆಳತಿಯಾದರೆ ಏನಾದೀತು, ಯೋಚಿಸಿ.

ಪುಕ್ಕಟೆ ಆ್ಯಪ್‌ಗಳ ವಿಷಯದಲ್ಲೂ ಇದೇ ಮಾತು. ಅವು ವೈಫೈ ಒಡೆಯನ ಕಣ್ಣಿಂದ ತಪ್ಪಿಸಿ ನಿಮ್ಮನ್ನು ಆ್ಯಪ್ ನಡೆಸುವವನ ಕಣ್ಣಿಗೆ ಒಪ್ಪಿಸುತ್ತವೆ. ಅವನು ಯಾರು, ಹೊಟ್ಟೆಪಾಡಿಗೆ ಏನು ಮಾರುತ್ತಾನೆ ಎಂದು ನಾವು ಕೇಳುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೆರ್ಟ್-ಇನ್ ಸಂಸ್ಥೆಯು, ಇಂಥ ಸೇವೆ ನೀಡುವವರು ಗ್ರಾಹಕರ ಹೆಸರು, ವಿಳಾಸ ಮುಂತಾದ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ಆದೇಶಿಸಿತು. ಕೆಲವು ದೊಡ್ಡ ವಿದೇಶಿ ಕಂಪನಿಗಳು ಇದನ್ನು ಒಪ್ಪದೆ ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನು ತೆಗೆದವು. ಸೈಬರ್ ಸೆಂಟರಿಗೆ ಹೋಗೋಣವೆಂದರೆ, 2011ರ ನಿಯಮದಂತೆ ಅಲ್ಲಿ ಗುರುತಿನ ಚೀಟಿ ತೋರಿಸಬೇಕು, ರಿಜಿಸ್ಟರಿನಲ್ಲಿ ಹೆಸರು ಬರೆಸಬೇಕು. ಚಿಕ್ಕ ಊರಿನಲ್ಲಿ ಸೆಂಟರಿನವನು ಗಂಡನಿಗೆ ಪರಿಚಯವಿಲ್ಲದಿರಲು ಸಾಧ್ಯವೇ?

ಇಲ್ಲಿ ನಮ್ಮ ಚಳವಳಿಯ ಒಳಗೇ ಏಳುವ ಪ್ರಶ್ನೆಯೊಂದಿದೆ. ಇಷ್ಟು ವರ್ಷ ನಾವು ಹೇಳುತ್ತ ಬಂದದ್ದೇನು? ಹೊಡೆತ ಬಡಿತ ಮನೆಯ ಖಾಸಗಿ ವಿಷಯವಲ್ಲ, ನಾಲ್ಕು ಗೋಡೆಯ ಗುಟ್ಟನ್ನು ಬೀದಿಗೆ ತನ್ನಿ ಎಂದು. ಈಗ ನಾವೇ ಖಾಸಗಿತನ ಬೇಕು ಎಂದರೆ ಮಾತು ಬದಲಿಸಿದಂತಲ್ಲವೇ ಎಂದು ಹಿರಿಯ ಸಂಗಾತಿಯೊಬ್ಬರು ನನ್ನನ್ನು ಕೇಳಿದರು. ಅಲ್ಲ ಎಂಬುದು ನನ್ನ ಉತ್ತರ. ಮನೆಯ ಖಾಸಗಿತನ ಬೇರೆ, ಆ ಮನೆಯೊಳಗಿನ ಹೆಣ್ಣಿನ ಖಾಸಗಿತನ ಬೇರೆ. ಮೊದಲನೆಯದು ಹೊಡೆಯುವವನನ್ನು ಕಾಯುತ್ತದೆ. ಎರಡನೆಯದು ಹೊಡೆತ ತಿಂದವಳು ಯಾರಿಗಾದರೂ ಹೇಳಿಕೊಳ್ಳುವ ದಾರಿಯನ್ನು ಕಾಯುತ್ತದೆ. ಮನೆಯ ಗುಟ್ಟು ಬೀದಿಗೆ ಬರಬೇಕಾದರೆ ಹೆಣ್ಣಿಗೆ ತನ್ನದೇ ಆದ ಒಂದು ಗುಟ್ಟಿನ ದಾರಿ ಇರಲೇಬೇಕು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಖಾಸಗಿತನದ ಹೆಸರಿನಲ್ಲಿ ಪುರುಷಪ್ರಧಾನ ಮನೋಭಾವವನ್ನು ಮುಚ್ಚಿಡಬಾರದು ಎಂಬ ಎಚ್ಚರವೂ ಅದೇ ತೀರ್ಪಿನಲ್ಲಿದೆ. ಇನ್ನು ಹೆಣ್ಣೊಬ್ಬಳ ಅಂತರ್ಜಾಲ, ಇಮೇಲ್ ಬಳಕೆಯ ಮೇಲೆ ಕಣ್ಣಿಡುವುದು ಹಿಂಬಾಲಿಸುವ ಅಪರಾಧ ಎಂದು 2013ರಲ್ಲೇ ದಂಡಸಂಹಿತೆಗೆ ಸೇರಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು. ಗಂಡನಿಗೆ ವಿನಾಯಿತಿ ಎಂದು ಅದರಲ್ಲಿ ಬರೆದಿಲ್ಲ. ಸಂದರ್ಭಕ್ಕೆ ಸಮಂಜಸವಾಗಿದ್ದರೆ ಅಪರಾಧವಲ್ಲ ಎಂಬ ಮಾತಿದೆ, ಗಂಡಂದಿರು ಅದರ ಹಿಂದೆ ಅಡಗಬಹುದು. ಆದರೂ "ನನ್ನ ಹೆಂಡ್ತಿ ಫೋನ್ ನಾನ್ ನೋಡಿದ್ರ ತಪ್ಪೇನು?" ಎನ್ನುವವನಿಗೆ ತಪ್ಪಿದೆ ಎಂದು ಹೇಳಲು ನಮಗೆ ಒಂದು ಕಲಮು ಇದೆ. ಅದನ್ನು ನಾವು ಎಷ್ಟು ದೂರುಗಳಲ್ಲಿ ಬರೆಸಿದ್ದೇವೆ?

ಇನ್ನು ಮಾಡಬೇಕಾದದ್ದು. ಮೊದಲನೆಯದಾಗಿ, ಪ್ರಾಕ್ಸಿ ಹಾಕಿಕೊಡುವ ಮುನ್ನ ನಾಲ್ಕು ಪ್ರಶ್ನೆ ಕೇಳೋಣ. ಫೋನ್ ಕೊಡಿಸಿದವರು ಯಾರು? ಸಿಮ್ ಯಾರ ಹೆಸರಿನಲ್ಲಿದೆ? ಪಾಸ್‌ವರ್ಡ್ ಯಾರಿಗೆ ಗೊತ್ತು? ರಾತ್ರಿ ಫೋನ್ ಯಾರ ಕೈಯಲ್ಲಿರುತ್ತದೆ? ಉತ್ತರ ಗಂಡನ ಕಡೆಗೆ ಬೆರಳು ತೋರಿಸಿದರೆ ಆ ಫೋನಿನಲ್ಲಿ ಏನನ್ನೂ ಹುಡುಕಬೇಡಿ. ಬೇರೆ ಫೋನ್ ಬಳಸಿ. ಅಕ್ಕನದಾಗಲಿ, ಅಂಗನವಾಡಿ ಕಾರ್ಯಕರ್ತೆಯದಾಗಲಿ, ಸಂಘದ್ದಾಗಲಿ. 181 ಮಹಿಳಾ ಸಹಾಯವಾಣಿಗೆ ಮಾಡಿದ ಕರೆಯೂ ಫೋನಿನ ಪಟ್ಟಿಯಲ್ಲಿ ಉಳಿಯುತ್ತದೆ ಎಂಬುದು ನೆನಪಿರಲಿ. ಜೀವಕ್ಕೆ ಅಪಾಯವಿರುವ ಗಳಿಗೆಯಲ್ಲಿ ಮಾತ್ರ ಯಾವುದನ್ನೂ ಯೋಚಿಸದೆ, ಯಾವ ಫೋನಿನಿಂದಾದರೂ 112ಕ್ಕೆ ಕರೆ ಮಾಡಿ.

ಎರಡನೆಯದಾಗಿ, ಕಣ್ಣಿಟ್ಟಿದ್ದಾರೆ ಎಂದು ತಿಳಿದ ಕೂಡಲೇ ಎಲ್ಲವನ್ನೂ ಅಳಿಸಿ, ಪಾಸ್‌ವರ್ಡ್ ಬದಲಿಸಿ ಎಂದು ಅವಸರದಲ್ಲಿ ಹೇಳಬೇಡಿ. ಒಮ್ಮೆಲೇ ಕಾವಲು ತಪ್ಪಿದರೆ ಗಂಡ ಇನ್ನಷ್ಟು ಕೆರಳಬಹುದು. ಅವಳು ಸುರಕ್ಷಿತ ಜಾಗ ಸೇರುವವರೆಗೆ ಆ ಫೋನ್ ಎಂದಿನಂತೆ ಇರಲಿ. ಹಣ ಕೇಳಿದ ಸಂದೇಶಗಳು ಅದರಲ್ಲಿದ್ದರೆ ಅವು ಸಾಕ್ಷ್ಯ, ಅಳಿಸಬಾರದು.

ಮೂರನೆಯದು ನಮಗೆ, ಅಧಿಕಾರಿಗಳಿಗೆ. ಅವಳ ನಂಬರಿಗೆ ನಾವಾಗಿ ಕರೆ ಮಾಡುವುದು, ವಾಟ್ಸಾಪಿನಲ್ಲಿ ವಿಳಾಸ ಕಳಿಸುವುದು ನಿಲ್ಲಬೇಕು. ಯಾವಾಗ, ಯಾವ ನಂಬರಿಗೆ ಮಾಡಬಹುದು ಎಂದು ಅವಳನ್ನೇ ಕೇಳಬೇಕು. ಪ್ರತಿ ಸಂಘದ ಕಚೇರಿಯಲ್ಲಿ ಯಾರ ಮನೆಯ ಕಾವಲೂ ಇಲ್ಲದ ಒಂದು ಫೋನ್ ಇರಲಿ. ಹಿಂದೆ ಪಕ್ಕದ ಮನೆಯಾಕೆ ತನ್ನ ವಿಳಾಸ ಕೊಡುತ್ತಿದ್ದಳಲ್ಲ, ಆ ಕೆಲಸ ಈಗ ನಮ್ಮದು.

ಆ ಹುಡುಗಿಯ ಪ್ರಶ್ನೆಗೆ ಉತ್ತರ ತಡವಾಗಿ ಸಿಕ್ಕಿತು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯಾಯಿತು, ಸಂಡೂರು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಅದಕ್ಕೇ ಅವಳ ಗೊಂದಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಹೆಣ್ಣು ತಾತ್ಕಾಲಿಕವಾಗಿ ಇರುವ ಊರಿನಲ್ಲೂ ಅರ್ಜಿ ಹಾಕಬಹುದು. ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಅವಳು ಹೊಸಪೇಟೆಯಲ್ಲೇ ಹಾಕಿದಳು. ಗಂಡ ಫೋನಿನಲ್ಲಾಗಲಿ ಸಂದೇಶದಲ್ಲಾಗಲಿ ತನ್ನನ್ನು ಸಂಪರ್ಕಿಸಬಾರದೆಂದು ಆದೇಶ ಕೊಡಿ ಎಂದೂ ಕೇಳಿದ್ದಾಳೆ, ಆ ಕಾಯ್ದೆಯಲ್ಲಿ ಅದಕ್ಕೂ ಅವಕಾಶವಿದೆ.

ಇಷ್ಟನ್ನು ತಿಳಿಯಲು ಅವಳು ಹೊಡೆತ ತಿನ್ನಬೇಕಾಯಿತು. ಅದರಲ್ಲಿ ಗಂಡನ ಕ್ರೌರ್ಯ ಎಷ್ಟಿದೆಯೋ, ನನ್ನ ಅಜ್ಞಾನದ ಪಾಲೂ ಅಷ್ಟಿದೆ. ಹೊಸ ಫೋನ್ ಕೊಂಡ ದಿನ ಅವಳು ಪಾಸ್‌ವರ್ಡ್ ಬರೆಯುವಾಗ ನಾನು ಮುಖ ಆಚೆ ತಿರುಗಿಸಿದೆ. "ನೋಡ್ರಿ ಅಕ್ಕಾ, ನೀವೇನ್ ಬ್ಯಾರೆಯವ್ರಾ?" ಎಂದಳು. ನೋಡುವುದಿಲ್ಲ ಎಂದೆ. ನಮ್ಮವರೆಂಬ ಪ್ರೀತಿಯಿಂದಲೂ ಯಾರೂ ಅವಳದನ್ನು ನೋಡುವಂತಿಲ್ಲ ಎಂಬುದನ್ನು ನಾವೂ ಕಲಿಯಬೇಕಾಗಿದೆ.