ರಿವಾಲ್ವರೋ ಪಿಸ್ತೂಲೋ: ಶಿಷ್ಯನೊಬ್ಬನ ಪ್ರಶ್ನೆಗೆ ಉತ್ತರ

ಅಮರಗೋಳದ ಎಪಿಎಂಸಿಯಲ್ಲಿ ಅಡತಿ ಅಂಗಡಿಯಿಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ತಿಂಗಳು ಪತ್ರ ಬರೆದಿದ್ದಾನೆ. ರಾತ್ರಿ ರೊಕ್ಕದ ಚೀಲದೊಂದಿಗೆ ಮನೆಗೆ ಮರಳಬೇಕಾಗುತ್ತದೆ, ಪರವಾನಗಿಗೆ ಅರ್ಜಿ ಹಾಕುವವನಿದ್ದೇನೆ, ದಿನವೂ ಸೊಂಟದಲ್ಲಿಟ್ಟುಕೊಳ್ಳಲು ರಿವಾಲ್ವರ್ ಒಳ್ಳೆಯದೋ ಪಿಸ್ತೂಲು ಒಳ್ಳೆಯದೋ ತಿಳಿಸಬೇಕು ಎಂಬುದು ಅವನ ಕೋರಿಕೆ. ಕನ್ನಡ ವ್ಯಾಕರಣ ಕಲಿಸಿದವನನ್ನು ಇಂಥ ಪ್ರಶ್ನೆ ಕೇಳುವುದೇಕೆಂದು ನೀವು ನಕ್ಕೀರಿ. ಶಾಲೆಯ ಎನ್‌ಸಿಸಿ ತುಕಡಿಯು ಹಲವು ವರ್ಷ ನನ್ನ ಹೊಣೆಯಲ್ಲಿದ್ದುದನ್ನು ಅವನು ಮರೆತಿಲ್ಲ. ನಿಮ್ಮಲ್ಲಿ ಇನ್ನೂ ಕೆಲವರಿಗೆ ಈ ಯೋಚನೆ ಇದ್ದೀತೆಂದು ಉತ್ತರವನ್ನು ಇಲ್ಲಿಯೇ ಬರೆಯುತ್ತೇನೆ.

ಆಯ್ಕೆಯ ಬಹುಭಾಗವನ್ನು ಕಾನೂನೇ ಮಾಡಿಬಿಟ್ಟಿದೆ. ಪೊಲೀಸರ ಹಾಗೂ ಸೈನ್ಯದ 9 ಎಂಎಂ ಪಿಸ್ತೂಲು ಸಾಮಾನ್ಯ ನಾಗರಿಕನಿಗೆ ನಿಷಿದ್ಧ. ನಮ್ಮಂಥವರಿಗೆ ಸಾಮಾನ್ಯವಾಗಿ ದೊರೆಯುವುದು .32 ಬೋರಿನದು. ಕಾನ್ಪುರದ ಸರಕಾರಿ ಕಾರ್ಖಾನೆಯ ಆರು ಗುಂಡಿನ ರಿವಾಲ್ವರ್ ಒಂದು, ಬಂಗಾಳದ ಇಛಾಪುರದಲ್ಲಿ ತಯಾರಾದ ‘ಅಶನಿ’ ಪಿಸ್ತೂಲು ಇನ್ನೊಂದು. ಅಶನಿಯೆಂದರೆ ಸಿಡಿಲು; ಹೆಸರಿಟ್ಟವರಿಗೆ ಸಂಸ್ಕೃತ ಬರುತ್ತಿತ್ತೆಂದು ಕಾಣುತ್ತದೆ. 2014ರಲ್ಲಿ ಮಹಿಳೆಯರಿಗೆಂದು ಕಾನ್ಪುರದಿಂದಲೇ ‘ನಿರ್ಭೀಕ್’ ಎಂಬ ಅರ್ಧ ಕಿಲೋ ತೂಕದ ರಿವಾಲ್ವರ್ ಬಂದಿತು. ಅದರ ಬೆಲೆ ಆಗಲೇ ಒಂದು ಲಕ್ಷ ರೂಪಾಯಿಗೂ ಮಿಕ್ಕಿದ್ದಿತು. ಪರವಾನಗಿಯನ್ನು ನಮ್ಮ ಅವಳಿ ನಗರದಲ್ಲಿ ಕೊಡಬೇಕಾದವರು ಪೊಲೀಸ್ ಆಯುಕ್ತರು.

ಎರಡರಲ್ಲಿ ಒಂದನ್ನು ಹೇಳಲೇಬೇಕೆಂದರೆ ನಾನು ರಿವಾಲ್ವರನ್ನು ಹೇಳುತ್ತೇನೆ. ಕಾನ್ಪುರದ ರಿವಾಲ್ವರನ್ನು ನಡುವೆ ಮಡಚಿ ತೆರೆದರೆ ಆರು ಮನೆಗಳೂ ಕಣ್ಣಿಗೆ ಬೀಳುತ್ತವೆ. ಗುಂಡಿದೆಯೋ ಇಲ್ಲವೋ ಎಂಬ ಸಂಶಯಕ್ಕೆ ಎಡೆಯಿಲ್ಲ. ಒಂದು ಗುಂಡು ಹಾರದಿದ್ದರೆ ಕುದುರೆಯನ್ನು ಮತ್ತೊಮ್ಮೆ ಎಳೆದರಾಯಿತು, ಮುಂದಿನದು ಎದುರಿಗೆ ಬರುತ್ತದೆ. ಪಿಸ್ತೂಲು ಚಪ್ಪಟೆ, ಅಂಗಿಯೊಳಗೆ ಅಡಗುತ್ತದೆ, ಗುಂಡು ತುಂಬುವುದೂ ಬೇಗ, ಇದನ್ನು ಒಪ್ಪುತ್ತೇನೆ. ಆದರೆ ಅದರ ಮ್ಯಾಗಜಿನ್ ಹೊರತೆಗೆದ ಮೇಲೂ ಕೊಳವೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. ಬರಿದಾಗಿದೆಯೆಂದು ತಿಳಿದು ಒರೆಸಲು ಕುಳಿತವನ ಕೈಯಲ್ಲಿ ಅದು ಸಿಡಿಯುತ್ತದೆ. ನಿತ್ಯ ಅಭ್ಯಾಸವುಳ್ಳ ಅಧಿಕಾರಿಗೆ ಇದು ದೊಡ್ಡ ಮಾತಲ್ಲ, ಅಂಗಡಿಕಾರನಿಗೆ ದೊಡ್ಡದು.

ನಿಜವಾದ ವ್ಯತ್ಯಾಸ ಇರುವುದು ಇಲ್ಲಿಯೇ. ಕರ್ತವ್ಯದ ಮೇಲಿರುವವನಿಗೆ ಆಯುಧದ ಜೊತೆಗೆ ಶಿಕ್ಷಣವೂ ಅಭ್ಯಾಸವೂ ಜೊತೆಗಾರರೂ ಇರುತ್ತಾರೆ. ಹಾರಿಸಿದ ಪ್ರತಿಯೊಂದು ಗುಂಡಿಗೂ ಅವನು ಲೆಕ್ಕ ಕೊಡಬೇಕು. ಚಾಂದಮಾರಿಗೆ ಹುಡುಗರನ್ನು ಕರೆದೊಯ್ದ ದಿನಗಳು ನೆನಪಾಗುತ್ತವೆ. ನೆಲಕ್ಕೆ ಬೋರಲು ಮಲಗಿ, ಉಸಿರು ಬಿಗಿಹಿಡಿದು, ಇಪ್ಪತ್ತೈದು ಗಜದ ಅಳ್ಳಾಡದ ಗುರಿಗೆ .22 ರೈಫಲ್ಲಿನಿಂದ ಹೊಡೆದರೂ ಮೊದಲ ದಿನ ಎಷ್ಟೋ ಜನರ ಗುಂಡು ಕಾಗದವನ್ನೇ ಮುಟ್ಟುತ್ತಿರಲಿಲ್ಲ. ಕತ್ತಲಲ್ಲಿ, ಮೋಟಾರ್‌ಸೈಕಲ್ಲಿನ ಮೇಲೆ, ಎದೆ ಡವಡವಿಸುತ್ತಿರುವಾಗ, ಮೂರಿಂಚಿನ ನಳಿಗೆಯಿಂದ ಹೊಡೆಯುವುದು ಹೇಗಿದ್ದೀತು? 2016ರ ಶಸ್ತ್ರಾಸ್ತ್ರ ನಿಯಮಗಳು ಸುರಕ್ಷಿತ ಬಳಕೆಯ ತರಬೇತಿಯನ್ನು ಬಯಸುತ್ತವೆ. ಆದರೆ ಕೈಪಳಗಲು ಒಮ್ಮೆ ಪಡೆದ ಪ್ರಮಾಣಪತ್ರ ಸಾಲದು.

ಆಯುಧವಿಲ್ಲದವನು ಗಂಡಸೇ ಅಲ್ಲವೆಂಬ ಮಾತನ್ನು ನಮ್ಮ ಕಡೆ ಕೆಲವರು ಹಲಗಲಿಯ ಬೇಡರ ಹೆಸರಿನಲ್ಲಿ ಆಡುವುದುಂಟು. ಮುಧೋಳ ಸೀಮೆಯ ಆ ಬೇಡರು 1857ರಲ್ಲಿ ಹತಾರ ಒಪ್ಪಿಸಲು ಒಲ್ಲೆವೆಂದುದಕ್ಕೆ ಊರು ಸುಟ್ಟುಹೋಯಿತು, ಹಲವರು ಗಲ್ಲಿಗೇರಿದರು. ಅವರ ಲಾವಣಿಯನ್ನು ನಾನೇ ನಿಮಗೆ ತರಗತಿಯಲ್ಲಿ ಹೇಳಿದ್ದೇನೆ. ಅದು ಪರರ ಆಳ್ವಿಕೆಯ ವಿರುದ್ಧ ಇಡೀ ಊರೇ ಎದ್ದುನಿಂತ ಕಥೆ. ಅದರಿಂದ ಒಬ್ಬ ಅಡತಿಯ ಸೊಂಟಪಟ್ಟಿಗೆ ನ್ಯಾಯ ಹುಡುಕುವುದು ನನಗೆ ಸರಿಕಾಣುವುದಿಲ್ಲ.

ಇನ್ನೊಂದು ಸಂಗತಿಯನ್ನು ಧಾರವಾಡದವನಾಗಿ ಹೇಳದಿರಲಾರೆ. 2015ರ ಆಗಸ್ಟ್ 30ರ ಬೆಳಿಗ್ಗೆ ಕಲ್ಯಾಣನಗರದ ಮನೆಯ ಬಾಗಿಲಿನಲ್ಲಿ ಡಾ. ಎಂ. ಎಂ. ಕಲಬುರ್ಗಿಯವರನ್ನು 7.65 ಎಂಎಂ ನಾಡಪಿಸ್ತೂಲಿನಿಂದ ಕೊಂದರು. ಅದು ಅಶನಿಯ ಅಳತೆಯೇ. ಆ ಸುದ್ದಿ ಕೇಳಿದ ಮೇಲೆ ನನ್ನ ಬಂಧುಗಳಲ್ಲಿಯೂ ಕೆಲವರು ಮನೆಯಲ್ಲೊಂದು ಆಯುಧವಿರಲಿ ಎಂದರು. ನಾನು ಒಪ್ಪಲಿಲ್ಲ. ಬಾಗಿಲು ತಟ್ಟಿ ‘ಸರ್’ ಎಂದು ಕರೆದರೆ ಓದು ಕಲಿಸಿದವನು ಎದ್ದು ಬರುತ್ತಾನೆ. ಕಪಾಟಿನಲ್ಲಿ ರಿವಾಲ್ವರ್ ಇದ್ದರೂ ಬರಿಗೈಯಲ್ಲೇ ಬರುತ್ತಾನೆ. ಹೊಂಚುಹಾಕಿ ಬಂದವನ ಕೈ ಮೊದಲೇ ಆಯುಧದ ಮೇಲಿರುತ್ತದೆ. ಪ್ರಾಣಭಯವಿರುವವರ ಮನೆಯನ್ನು ಕಾಯುವುದು ಸರಕಾರದ ಕೆಲಸ, ಅದನ್ನು ಒತ್ತಾಯಿಸಿ ಕೇಳಬೇಕು.

ಅಡತಿಯ ಶಿಷ್ಯನಿಗೆ ನಾನು ಬರೆದಿರುವುದು ಇಷ್ಟು. ಸಾಧ್ಯವಾದಷ್ಟು ಹಣವನ್ನು ಬ್ಯಾಂಕಿನ ಮೂಲಕವೇ ಪಡೆ. ಉಳಿದುದನ್ನು ಹಗಲಿರುವಾಗಲೇ ಕಟ್ಟಿಬಿಡು. ಹೊರಡುವ ಹೊತ್ತನ್ನೂ ದಾರಿಯನ್ನೂ ಆಗಾಗ ಬದಲಿಸು, ಒಬ್ಬನೇ ಹೋಗಬೇಡ. ಕಾವಲು ಬೇಕೇ ಬೇಕೆಂದರೆ ಅಕ್ಕಪಕ್ಕದ ನಾಲ್ಕು ಅಂಗಡಿಯವರು ಕೂಡಿ, ಸೈನ್ಯದಿಂದ ನಿವೃತ್ತನಾದ ಒಬ್ಬನನ್ನು ಸಂಬಳಕ್ಕೆ ಇಟ್ಟುಕೊಳ್ಳಿರಿ. ಇಷ್ಟರ ಮೇಲೂ ರಿವಾಲ್ವರ್ ಬೇಕೆನಿಸಿದರೆ, ಕೊಳ್ಳುವ ಮುಂಚೆ ಗೋಡೆಗೆ ಬಿಗಿದ ಉಕ್ಕಿನ ತಿಜೋರಿಯೊಂದನ್ನು ಮಾಡಿಸು, ಅದರ ಕೀಲಿ ಯಾರ ಬಳಿ ಇರಬೇಕೆಂಬುದನ್ನು ಹೆಂಡತಿಯೊಂದಿಗೆ ಕುಳಿತು ನಿರ್ಧರಿಸು. ನಿನ್ನ ಕಿರಿಯ ಮಗ ಈಗ ಏಳನೆಯ ತರಗತಿಯಲ್ಲಿದ್ದಾನೆ.