ಎದುರು ಕೋಲು

ನೋಡುಗರಿಗಾಗಿ ವೇದಿಕೆಯ ಮೇಲೆ ನಡೆಯುವ ನೃತ್ಯ ಒಂದು ಬಗೆಯದಾದರೆ, ನೋಡುವವರು ಇರಲಿ ಬಿಡಲಿ, ಕುಣಿಯುವವರು ತಮ್ಮ ಸಂತೋಷಕ್ಕಾಗಿಯೇ ಒಂದೆಡೆ ಕೂಡಿ ನಡೆಸುವ ನೃತ್ಯ ಇನ್ನೊಂದು ಬಗೆಯದು. ಈ ಎರಡನೆಯ ಬಗೆಯಲ್ಲಿ, ಒಬ್ಬರ ಹೆಜ್ಜೆ ಎದುರಿನವರ ಹೆಜ್ಜೆಗೆ ಉತ್ತರವಾಗಿ ಬರುವಂಥ, ಜೊತೆಗಾರರಿಲ್ಲದೆ ಆರಂಭಿಸಲೂ ಬಾರದಂಥ ಕುಣಿತಗಳನ್ನು ಸಾಮಾಜಿಕ ಜೋಡಿ ನೃತ್ಯಗಳೆಂದು ಕರೆಯಬಹುದು. ಅರ್ಜೆಂಟೀನಾದ ಟ್ಯಾಂಗೋ, ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಕಪ್ಪು ಜನರ ನಡುವೆ ಹುಟ್ಟಿದ ಲಿಂಡಿ ಹಾಪ್, ಗುಜರಾತದ ದಾಂಡಿಯಾ, ಕರ್ನಾಟಕದ ಕೋಲಾಟ ಇವೆಲ್ಲ ವೇಷ, ಹಾಡು, ನಂಬಿಕೆಗಳಲ್ಲಿ ಒಂದಕ್ಕೊಂದು ದೂರವಾಗಿದ್ದರೂ ಎದುರಿಗೆ ಇನ್ನೊಬ್ಬರು ಬೇಕೇ ಬೇಕೆಂಬ ಒಂದು ವಿಷಯದಲ್ಲಿ ಒಂದೇ ಕುಲಕ್ಕೆ ಸೇರುತ್ತವೆ. ಇಂಥ ಕುಣಿತದಲ್ಲಿ ಆಸಕ್ತಿ ಹುಟ್ಟಿದವರು ಎಲ್ಲಿ ಕಲಿಯಬೇಕು, ಕಲಿತ ಮೇಲೆ ಎಲ್ಲಿಗೆ ಹೋಗಿ ಕುಣಿಯಬೇಕು ಎಂಬುದನ್ನು ಯಾವ ಆಧಾರದ ಮೇಲೆ ತೀರ್ಮಾನಿಸುತ್ತಾರೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಹವ್ಯಾಸಿಗಳ ಸಣ್ಣ ಪ್ರಶ್ನೆಯಂತೆ ತೋರಿದರೂ, ಜನ ಒಬ್ಬರನ್ನೊಬ್ಬರು ಹೇಗೆ ಸೇರಿಸಿಕೊಳ್ಳುತ್ತಾರೆ, ಹೇಗೆ ಹೊರಗಿಡುತ್ತಾರೆ ಎಂಬ ದೊಡ್ಡ ಪ್ರಶ್ನೆಗೆ ಅದು ನೇರವಾಗಿ ಕರೆದೊಯ್ಯುತ್ತದೆ.

ಸುಲಭವಾಗಿ ಹೊಳೆಯುವ ಉತ್ತರಗಳು ಮೂರ್ನಾಲ್ಕಿವೆ: ಮನೆಗೆ ಹತ್ತಿರವಿರಬೇಕು, ಶುಲ್ಕ ಕೈಗೆಟುಕುವಂತಿರಬೇಕು, ಕಲಿಸುವವರಿಗೆ ಹೆಸರಿರಬೇಕು, ವೇಳೆ ಹೊಂದಬೇಕು. ಇವು ಸುಳ್ಳಲ್ಲ, ಆದರೆ ಇಷ್ಟೇ ಆಗಿದ್ದರೆ ಕುಣಿತದ ತಾಣವನ್ನು ಆರಿಸುವುದಕ್ಕೂ ನಾಟಕ ನೋಡಲು ಹೋಗುವುದಕ್ಕೂ ವ್ಯತ್ಯಾಸವೇ ಇರುತ್ತಿರಲಿಲ್ಲ. ಬಾದಾಮಿಯ ಬನಶಂಕರಿ ಜಾತ್ರೆಯನ್ನೇ ತೆಗೆದುಕೊಳ್ಳಬಹುದು. ಬನದ ಹುಣ್ಣಿಮೆಯ ತೇರಿನೊಂದಿಗೆ ಕಳೆಗಟ್ಟುವ ಆ ಜಾತ್ರೆಯಲ್ಲಿ ವೃತ್ತಿ ನಾಟಕ ಕಂಪನಿಗಳು ಒಂದರ ಪಕ್ಕ ಒಂದು ಡೇರೆ ಹಾಕಿ ವಾರಗಟ್ಟಲೆ ಆಟ ಆಡುತ್ತವೆ, ಸುತ್ತಲಿನ ಹಳ್ಳಿಗಳಿಂದ ಬಂದವರು ಹಾಸ್ಯನಟ ಯಾರು, ಹಾಡು ಹೇಗಿವೆ, ನಿನ್ನೆ ನೋಡಿದವರು ಏನಂದರು ಎಂದು ವಿಚಾರಿಸಿ ಒಂದು ಡೇರೆಯೊಳಗೆ ಹೋಗುತ್ತಾರೆ. ಒಬ್ಬ ಪ್ರೇಕ್ಷಕ ಈ ಡೇರೆ ಬಿಟ್ಟು ಆ ಡೇರೆಗೆ ಹೋದರೆ ಯಾವ ಆಟವೂ ನಿಲ್ಲುವುದಿಲ್ಲ, ಅವನ ಪಕ್ಕದಲ್ಲಿ ಯಾರು ಕುಳಿತರೆಂಬುದರಿಂದ ನಾಟಕ ಕೆಡುವುದೂ ಇಲ್ಲ. ಕೂಡಿ ಕುಣಿಯುವವನ ಸ್ಥಿತಿ ಹೀಗಲ್ಲ. ಅವನು ಆರಿಸಿಕೊಳ್ಳುತ್ತಿರುವ ವಸ್ತು ಇತರ ಕುಣಿಯುವವರೇ ಆಗಿರುವುದರಿಂದ, ಅವನ ಆಯ್ಕೆಯ ಬೆಲೆ ಅವರ ಆಯ್ಕೆಯನ್ನು ಅವಲಂಬಿಸಿದೆ. ಅವರ ಪಾಲಿಗೆ ಅವನೂ ಆ ತಾಣದ ಒಂದು ಗುಣ ಅಥವಾ ಒಂದು ದೋಷ.

ಈ ಮಾತಿನ ತೂಕ ತಿಳಿಯಬೇಕಾದರೆ ಕೋಲಾಟದ ರಚನೆಯನ್ನು ಹತ್ತಿರದಿಂದ ನೋಡಬೇಕು. ಒಂದು ಒಂದೂವರೆ ಅಡಿ ಉದ್ದದ ಎರಡೆರಡು ಕೋಲು ಹಿಡಿದವರು ಒಳಗೊಂದು ಹೊರಗೊಂದು ವರ್ತುಲವಾಗಿ ಮುಖಾಮುಖಿ ನಿಂತು, ಪದದ ತಾಳಕ್ಕೆ ಮೊದಲು ತಮ್ಮ ಕೋಲು ತಾವು ಕೂಡಿಸಿ, ಆಮೇಲೆ ಎದುರು ಕೋಲಿಗೆ ತಾಗಿಸಿ, ಗೊತ್ತಾದ ಪೆಟ್ಟುಗಳು ಮುಗಿದೊಡನೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಹೊಸ ಜೊತೆಗಾರನನ್ನು ಪಡೆಯುತ್ತಾರೆ. ಕೂಡಿದವರ ಸಂಖ್ಯೆ ಬೆಸವಾದರೆ ಒಬ್ಬನ ಕೋಲು ಗಾಳಿಗೆ ಬೀಳುತ್ತದೆ. ವರ್ತುಲದಲ್ಲಿ ಒಬ್ಬ ತಾಳ ತಪ್ಪಿದರೆ ಆ ತಪ್ಪು ಅವನೊಬ್ಬನಲ್ಲಿಯೇ ಉಳಿಯದೆ ಮುಂದಿನ ಪೆಟ್ಟಿಗೆ ಎದುರಿನವನ ಬೆರಳಿಗೆ ತಾಗುತ್ತದೆ. ಜಡೆ ಕೋಲಾಟದಲ್ಲಿಯಂತೂ, ಅಂದರೆ ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗಗಳ ತುದಿಯನ್ನು ಒಬ್ಬೊಬ್ಬರು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಕೋಲು ತಾಗಿಸುತ್ತ ಒಬ್ಬರನ್ನೊಬ್ಬರು ದಾಟಿ ಹಗ್ಗವನ್ನು ಜಡೆಯಾಗಿ ಹೆಣೆಯುವ, ಆಮೇಲೆ ಅದೇ ಹೆಜ್ಜೆಗಳನ್ನು ಹಿಂದುಮುಂದಾಗಿ ಹಾಕಿ ಬಿಚ್ಚುವ ಪ್ರಕಾರದಲ್ಲಂತೂ, ಒಬ್ಬ ಒಳಗೆ ಹಾಯಬೇಕಾದಲ್ಲಿ ಹೊರಗೆ ಹಾಯ್ದರೆ ಜಡೆಯೇ ಗಂಟಾಗಿ ಎಲ್ಲರೂ ನಿಲ್ಲಬೇಕಾಗುತ್ತದೆ. ಹಂಪಿಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಕೋಲು ಹಿಡಿದು ಕುಣಿಯುವವರ ಸಾಲುಗಳಿವೆ. ಒಬ್ಬರ ನಿಲುವು ಪಕ್ಕದವರ ನಿಲುವಿಗೆ ಕಟ್ಟುಬಿದ್ದಿರುವ ಈ ಆಟ ವಿಜಯನಗರದ ಕಾಲಕ್ಕಾಗಲೇ ಅರಸರ ದಿಬ್ಬದ ಗೋಡೆಗೆ ತಕ್ಕ ವಿಷಯವಾಗಿತ್ತು.

ಆದ್ದರಿಂದ ಹೊಸದಾಗಿ ಕಲಿಯಲು ಬಂದವನಿಗೆ ಒಳ್ಳೆಯ ಗುರುವಿಗಿಂತ ಹೆಚ್ಚಾಗಿ ಬೇಕಾದದ್ದು ತನ್ನ ತಪ್ಪು ಪೆಟ್ಟನ್ನು ತಾಳಿಕೊಂಡು ಎದುರಿಗೆ ನಿಲ್ಲುವ ಬಲ್ಲವನೊಬ್ಬ. ಗುರು ಹೆಜ್ಜೆಯನ್ನು ತೋರಿಸಿಕೊಡಬಲ್ಲನೇ ಹೊರತು ಎದುರಿನವರ ಕೈ ಭಾರ, ವೇಗ, ತಡೆ ಇವುಗಳ ಅರಿವನ್ನು ಮಾತಿನಿಂದ ಕೊಡಲಾರ. ಅದು ಹತ್ತು ಜನರ ಎದುರು ಹತ್ತು ಬಗೆಯಾಗಿ ಕುಣಿದೇ ಬರಬೇಕು. ಇಲ್ಲೊಂದು ಬಿಕ್ಕಟ್ಟಿದೆ. ಕಲಿಯುವವನಿಗೆ ಬಲ್ಲವನು ಬೇಕು, ಬಲ್ಲವನಿಗೆ ತನ್ನಷ್ಟೇ ಅಥವಾ ತನಗಿಂತ ಹೆಚ್ಚು ಬಲ್ಲವನು ಬೇಕು. ಪ್ರತಿಯೊಬ್ಬನೂ ತನಗೆ ಒಳಿತಾದದ್ದನ್ನೇ ಆರಿಸಿಕೊಂಡರೆ ಬಲ್ಲವರೆಲ್ಲ ಒಂದು ತಾಣದಲ್ಲಿಯೂ ಬಾರದವರೆಲ್ಲ ಇನ್ನೊಂದು ತಾಣದಲ್ಲಿಯೂ ಉಳಿದು, ಎರಡನೆಯದು ಕಲಿಯಲಾಗದ ಜಾಗವಾಗಿಯೂ ಮೊದಲನೆಯದು ಹೊಸಬರಿಲ್ಲದೆ ಮುದಿಯಾಗುವ ಜಾಗವಾಗಿಯೂ ಕೊನೆಗೊಳ್ಳುತ್ತವೆ. ಕೋಲಾಟ ಈ ಬಿಕ್ಕಟ್ಟನ್ನು ಯಾರ ಔದಾರ್ಯಕ್ಕೂ ಬಿಟ್ಟುಕೊಡದೆ ತನ್ನ ರಚನೆಯಲ್ಲಿಯೇ ಬಗೆಹರಿಸಿಕೊಂಡಿದೆ. ಕೆಲವೇ ಪೆಟ್ಟುಗಳಿಗೊಮ್ಮೆ ಜೊತೆ ಬದಲಾಗುವುದರಿಂದ ಮೇಳದ ಅತ್ಯುತ್ತಮ ಆಟಗಾರನೂ ನಿನ್ನೆ ಬಂದ ಹುಡುಗನ ಎದುರು ನಿಲ್ಲಲೇಬೇಕು, ನಿಂತರೂ ಆ ಆಟಗಾರನ ಬೇಸರ ಒಂದು ಸುತ್ತಿಗೆ ಮುಗಿಯುತ್ತದೆ. ಬೆಂಗಳೂರಿನಂಥ ನಗರಗಳಲ್ಲಿ ನಡೆಯುವ ಸಾಲ್ಸಾ ಎಂಬ ಜೋಡಿ ನೃತ್ಯದ ತರಗತಿಗಳಲ್ಲಿ ಕಲಿಸುವವರು ನಿಮಿಷಗಳಿಗೊಮ್ಮೆ ಜೋಡಿ ಬದಲಿಸಲು ಹೇಳುವುದರ ಹಿಂದಿರುವ ತರ್ಕವೂ ಇದೇ.

ಎಲ್ಲ ಸಂಪ್ರದಾಯಗಳೂ ಹೀಗಿಲ್ಲ. 2009ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿ ಸೇರಿದ ಟ್ಯಾಂಗೋದ ಕೂಟಕ್ಕೆ ಬ್ಯೂನಸ್ ಐರಿಸ್‌ನಲ್ಲಿ ಮಿಲೋಂಗಾ ಎನ್ನುತ್ತಾರೆ. ಅಲ್ಲಿ ಮೂರು ನಾಲ್ಕು ಹಾಡುಗಳ ಒಂದು ಕಟ್ಟು ಮುಗಿಯುವವರೆಗೆ ಹಿಡಿದ ಜೊತೆಯನ್ನು ಬಿಡುವುದು ಮರ್ಯಾದೆಯಲ್ಲ, ಹಾಗೂ ಜೊತೆಯನ್ನು ಕರೆಯುವುದು ಬಾಯಿಮಾತಿನಿಂದಲ್ಲದೆ ದೂರದಿಂದ ಕಣ್ಣು ಕೂಡಿಸಿ ತಲೆಯಾಡಿಸುವ ಕಬೆಸೇಯೋ ಎಂಬ ಸನ್ನೆಯಿಂದ. ಒಂದು ತಪ್ಪು ಆಯ್ಕೆಗೆ ಹತ್ತು ಹನ್ನೆರಡು ನಿಮಿಷ ತೆರಬೇಕಾಗುವುದರಿಂದ ಬಲ್ಲವರು ಎಚ್ಚರವಹಿಸುತ್ತಾರೆ, ಹೊಸಬರು ಇರುಳೆಲ್ಲ ಕುರ್ಚಿಯಲ್ಲಿಯೇ ಉಳಿಯುವ ಅಪಾಯವಿರುತ್ತದೆ. ಆದಕಾರಣ ಹೊಸಬರು ಮೊದಲು ಪ್ರಾಕ್ಟಿಕಾ ಎಂಬ ಅಭ್ಯಾಸದ ಕೂಟಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಹಾರ್ಲೆಮ್‌ನಲ್ಲಿ 1926ರಿಂದ 1958ರವರೆಗೆ ನಡೆದ ಸವಾಯ್ ಬಾಲ್‌ರೂಮಿನಲ್ಲಿ ಕರಿಯ ಬಿಳಿಯ ಭೇದವಿಲ್ಲದೆ ಎಲ್ಲರಿಗೂ ಪ್ರವೇಶವಿತ್ತು, ಆ ಕಾಲದ ಅಮೆರಿಕದಲ್ಲಿ ಅದು ಸಣ್ಣ ಸಂಗತಿಯಲ್ಲ; ಆದರೆ ಅದೇ ಸಭಾಂಗಣದ ಒಂದು ಮೂಲೆ ಅತ್ಯುತ್ತಮ ಕುಣಿತಗಾರರಿಗೇ ಮೀಸಲೆಂಬುದು ಬರೆಯದ ಕಾನೂನಾಗಿತ್ತು. ಬಾಗಿಲು ತೆರೆದಿದ್ದರೆ ಸಾಲದು, ಒಳಗೆ ಜೊತೆ ಹೇಗೆ ಕೂಡುತ್ತದೆ ಎಂಬ ಪದ್ಧತಿಯೇ ಯಾರು ಯಾವ ತಾಣಕ್ಕೆ ಮತ್ತೆ ಬರುತ್ತಾರೆ ಎಂಬುದನ್ನು ನಿರ್ಧರಿಸುತ್ತದೆ.

ಮರಳಿ ಕರ್ನಾಟಕಕ್ಕೆ ಬಂದರೆ, ಬಾಗಲಕೋಟೆ ಸೀಮೆಯಲ್ಲಿ ಈ ಆಯ್ಕೆಯ ಪ್ರಶ್ನೆ ಬಹುಕಾಲ ಎದ್ದೇ ಇರಲಿಲ್ಲ. ಯಾವ ಓಣಿಯಲ್ಲಿ ಹುಟ್ಟಿದರೋ ಆ ಓಣಿಯ ಮೇಳ, ಯಾವ ಗುಡಿಗೆ ನಡೆದುಕೊಳ್ಳುವರೋ ಆ ಗುಡಿಯ ಕಟ್ಟೆ, ಅಲ್ಲಿಯೇ ತಾಲೀಮು. ಬೀರಪ್ಪನ ಗುಡಿಯ ಮುಂದೆ ಡೊಳ್ಳು ಹೊರುವವನು ಹಾಲುಮತದ ಮನೆಯವನು. ಮೊಹರಮ್ಮಿನಲ್ಲಿ ಅಲಾಯಿ ದೇವರ ಮುಂದೆ ರಿವಾಯತ್ ಪದಗಳಿಗೆ ಗೆಜ್ಜೆ ಕಟ್ಟಿ ಸಾಲುಗೂಡಿ ಕುಣಿಯುವ ಹೆಜ್ಜೆ ಮೇಳದವರು ಊರಿನ ಹಿಂದೂ ಮುಸ್ಲಿಂ ಹುಡುಗರು ಕೂಡಿದವರೇ ಆದರೂ ಆ ಊರಿನವರೇ. ತಾಲೀಮಿನ ಹೊತ್ತನ್ನು ಸಹ ದುಡಿಮೆಯೇ ಗೊತ್ತುಮಾಡುತ್ತಿತ್ತು. ಹುನಗುಂದದ ಎರೆಹೊಲಗಳಲ್ಲಿ ಸುಗ್ಗಿ ಮುಗಿಯಬೇಕು, ಇಳಕಲ್ಲಿನ ನೇಕಾರ ಓಣಿಗಳಲ್ಲಿ ಮಗ್ಗದ ಸಪ್ಪಳ ನಿಲ್ಲಬೇಕು, ಆಮೇಲೆ ಕೋಲು. ಈ ವ್ಯವಸ್ಥೆಯ ದೊಡ್ಡ ಗುಣವೆಂದರೆ ಯಾರಿಗೂ ಜೊತೆಯ ಕೊರತೆ ಬೀಳುತ್ತಿರಲಿಲ್ಲ, ಕುಣಿಯಲು ಬಾರದವನೂ ಓಣಿಯ ಮಗನಾದ್ದರಿಂದ ವರ್ತುಲದಲ್ಲಿ ಅವನಿಗೊಂದು ಜಾಗ ಇದ್ದೇ ಇರುತ್ತಿತ್ತು. ಅದರ ದೋಷವೂ ಅಷ್ಟೇ ದೊಡ್ಡದು. ಓಣಿಯೆಂದರೆ ಬಹುತೇಕ ಜಾತಿಯೇ ಆಗಿದ್ದ ಕಡೆ, ಆ ವರ್ತುಲದ ಹೊರಗೆ ಹುಟ್ಟಿದವನು ಎಷ್ಟೇ ಚೆನ್ನಾಗಿ ಹೆಜ್ಜೆ ಹಾಕಿದರೂ ಹೊರಗಿನವನೇ. ಹಲಗೆ ವಾದ್ಯವನ್ನು ಒಂದು ಸಮುದಾಯದ ಹೆಗಲಿಗೇ ಕಟ್ಟಿ, ಅದರ ನಾದಕ್ಕೆ ಎಲ್ಲರೂ ಕುಣಿದು, ಬಾರಿಸಿದವನನ್ನು ಮಾತ್ರ ದೂರ ನಿಲ್ಲಿಸಿದ್ದು ಈ ನಾಡಿನ ಹಳ್ಳಿಗಳ ಕಹಿ ಸತ್ಯ. ಹಳೆಯ ಕಾಲದ ಒಗ್ಗಟ್ಟನ್ನು ಹೊಗಳುವವರು ಇದನ್ನು ಮರೆಯಬಾರದು.

ಪಟ್ಟಣದ ಹೋಳಿ ಈ ಕಟ್ಟನ್ನು ಒಂದಿಷ್ಟು ಸಡಿಲಿಸಿದೆ. ಬಾಗಲಕೋಟೆಯ ಬಣ್ಣದಾಟ ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟಗಳ ಸರದಿಯಲ್ಲಿ ದಿನಗಟ್ಟಲೆ ನಡೆಯುವಂಥದು. ತುರಾಯಿ ಕಟ್ಟಿದ ಹಲಗೆಗಳನ್ನು ಹಿಡಿದು ಇಂದು ಎಲ್ಲ ಓಣಿಯ ಯುವಕರೂ ಬಾರಿಸುತ್ತಾರೆ. ಅದಕ್ಕಿಂತ ಆಳವಾದ ಬದಲಾವಣೆ ಬಂದದ್ದು ನೀರಿನಿಂದ. ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಪಟ್ಟಣದ ಭಾಗಗಳನ್ನು ನುಂಗಿದಾಗ ಜನರಿಗಾಗಿ ನವನಗರ ಕಟ್ಟಲಾಯಿತು, 1997ರಲ್ಲಿ ಹೊಸ ಜಿಲ್ಲೆಯಾದ ಮೇಲೆ ಕಚೇರಿಗಳೂ ಅಲ್ಲಿಗೇ ಬಂದವು. ಪೇಟೆಯ ಹೆಸರಿನಲ್ಲಿ ಗುರುತಿಸಿಕೊಳ್ಳುತ್ತಿದ್ದ ಕುಟುಂಬಗಳು ಸೆಕ್ಟರ್ ಸಂಖ್ಯೆಗಳಲ್ಲಿ ಚದುರಿದವು. ಒಂದೇ ಗೋಡೆಯ ಆಚೆ ಈಚೆ ಇದ್ದವರು ಬೇರೆ ಬೇರೆ ಸೆಕ್ಟರಿನವರಾದರು, ಹೊಸ ನೆರೆಮನೆಯವರು ಬೇರೆ ಊರಿನಿಂದ ವರ್ಗವಾಗಿ ಬಂದ ನೌಕರರಾದರು. ಓಣಿ ಇಲ್ಲವಾದಾಗ ಮೇಳ ತಾನಾಗಿ ಕೂಡುವುದಿಲ್ಲ, ಕುಣಿಯಬೇಕೆನ್ನುವವನು ಮೊದಲ ಬಾರಿಗೆ ಎಲ್ಲಿಗೆ ಹೋಗಲಿ ಎಂದು ಯೋಚಿಸಬೇಕಾಗುತ್ತದೆ. ನವನಗರ, ವಿದ್ಯಾಗಿರಿಯಂಥ ಬಡಾವಣೆಗಳು ಬಣ್ಣದ ಸರದಿಯಲ್ಲಿ ಸೇರಿಕೊಂಡರೂ ಹಳೆಯ ಪೇಟೆಗಳ ಹೆಸರು ಅಳಿದಿಲ್ಲ, ಆ ಹೆಸರಿನಲ್ಲೇ ಜನ ಮತ್ತೆ ಕೂಡುತ್ತಾರೆ. ಇದನ್ನು ಬರಿಯ ನೆನಪಿನ ಹಂಬಲವೆಂದು ತಳ್ಳಿಹಾಕುವುದು ಸರಿಯಲ್ಲ. ತನ್ನ ಪೆಟ್ಟಿಗೆ ಎದುರು ಪೆಟ್ಟು ಯಾವಾಗ ಬೀಳುತ್ತದೆಂದು ಬಲ್ಲವರು ಇರುವಲ್ಲಿಗೆ ಮನುಷ್ಯ ದೂರವನ್ನು ಲೆಕ್ಕಿಸದೆ ಹೋಗುತ್ತಾನೆ ಎಂಬುದಕ್ಕೆ ಅದು ಸಾಕ್ಷಿ. ಹತ್ತಿರವಿರುವ ತಾಣವನ್ನೇ ಜನ ಆರಿಸುತ್ತಾರೆ ಎಂಬ ಸುಲಭದ ಉತ್ತರ ಇಲ್ಲಿ ಮುರಿದುಬೀಳುತ್ತದೆ.

ಹೆಣ್ಣುಮಕ್ಕಳ ಆಯ್ಕೆಯನ್ನು ಬೇರೆಯಾಗಿಯೇ ನೋಡಬೇಕಾಗುತ್ತದೆ. ಈ ಸೀಮೆಯಲ್ಲಿ ಗಂಡು ಹೆಣ್ಣು ಜೊತೆಯಾಗಿ ಸಾರ್ವಜನಿಕವಾಗಿ ಕುಣಿಯುವ ರೂಢಿ ಇಲ್ಲ, ಮಹಿಳೆಯರ ಕೋಲಾಟ ಮಹಿಳೆಯರದೇ. ಅವರು ಯಾವ ತಾಲೀಮಿಗೆ ಹೋಗುತ್ತಾರೆ ಎಂಬುದನ್ನು ಗುರುವಿನ ಹೆಸರಿಗಿಂತ ಮೊದಲು ಮರಳಿ ಬರುವ ದಾರಿ ತೀರ್ಮಾನಿಸುತ್ತದೆ: ಯಾವ ಹೊತ್ತಿಗೆ ಮುಗಿಯುತ್ತದೆ, ಆ ದಾರಿಯಲ್ಲಿ ದೀಪ ಇದೆಯೋ ಇಲ್ಲವೋ, ಓಣಿಯ ಇನ್ನಾರು ಜೊತೆಗೆ ಬರುತ್ತಾರೆ, ಸುತ್ತ ನಿಂತು ನೋಡುವವರು ಎಂಥವರು. ಸ್ವಸಹಾಯ ಸಂಘದ ಮಹಿಳೆಯರು ಕೂಡಿಕೊಂಡು ಮೇಳ ಕಟ್ಟಿದಾಗ ಅದು ಬಾಳುವುದಕ್ಕೆ ಕಾರಣ ಅವರ ನಡುವಿನ ನಂಬಿಕೆ ಸಾಲ, ಸಾಪ್ತಾಹಿಕ ಉಳಿತಾಯಗಳ ವ್ಯವಹಾರದಲ್ಲಿ ಆಗಲೇ ಪರೀಕ್ಷೆಗೊಂಡಿರುತ್ತದೆ ಎಂಬುದು. ನಗರಗಳ ಸಾಲ್ಸಾ ಕೂಟಗಳಲ್ಲಿಯೂ ಹೆಣ್ಣುಮಕ್ಕಳು ಒಂದು ತಾಣವನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದಕ್ಕೆ ಸಂಗೀತ ಅಥವಾ ನೆಲದ ನುಣುಪಿಗಿಂತ ಹೆಚ್ಚಾಗಿ ಬೇಡವೆಂದು ಹೇಳಲು ಅಲ್ಲಿ ಎಷ್ಟು ಅವಕಾಶವಿದೆ ಎಂಬುದೇ ಕಾರಣವಾಗುತ್ತದೆ. ಟ್ಯಾಂಗೋದ ಕಣ್ಸನ್ನೆ ಹೊಸಬರಿಗೆ ಕಠಿಣವಾದರೂ, ನಿರಾಕರಿಸುವವಳಿಗೆ ಬಾಯಿ ಬಿಟ್ಟು ನಿರಾಕರಿಸುವ ಮುಜುಗರವನ್ನು ತಪ್ಪಿಸುತ್ತದೆ. ಅದರ ಈ ಗುಣವನ್ನು ಮೆಚ್ಚಲೇಬೇಕು. ಯಾವ ತಾಣದಲ್ಲಿ ಹೆಣ್ಣುಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆಯೋ ಅಲ್ಲಿನ ಕಲಿಕೆ ಎಷ್ಟೇ ಶ್ರೇಷ್ಠವಾಗಿದ್ದರೂ ಆ ತಾಣದಲ್ಲಿ ಏನೋ ಕೆಟ್ಟಿದೆ ಎಂದು ತಿಳಿಯಬೇಕು.

ಇತ್ತೀಚಿನ ದಶಕಗಳಲ್ಲಿ ಆಯ್ಕೆಯನ್ನು ಇನ್ನೊಂದು ಕಡೆಗೆ ಎಳೆಯುತ್ತಿರುವುದು ವೇದಿಕೆ. ಯುವಜನೋತ್ಸವ, ಶಾಲಾ ಸ್ಪರ್ಧೆ, ಚಾಲುಕ್ಯ ಉತ್ಸವದಂಥ ಸಮಾರಂಭಗಳು ಜನಪದ ಮೇಳಗಳಿಗೆ ಸಂಭಾವನೆ ಮತ್ತು ಗೌರವ ತಂದುಕೊಟ್ಟಿವೆ, ಅದು ಬೇಕಾಗಿತ್ತು. ಆದರೆ ವೇದಿಕೆಗೆ ಇಷ್ಟೇ ಜನ, ಇಷ್ಟೇ ನಿಮಿಷ ಎಂಬ ಮಿತಿಯಿದೆ. ಆ ಮಿತಿಯೊಳಗೆ ತಪ್ಪಿಲ್ಲದ ಹನ್ನೆರಡು ಜನರನ್ನು ಆರಿಸಿದಾಗ ಹದಿಮೂರನೆಯವನು ಮನೆಯಲ್ಲಿ ಉಳಿಯುತ್ತಾನೆ. ಅಲ್ಲದೆ ವೇದಿಕೆಯ ಕೋಲಾಟದಲ್ಲಿ ಮುಖಗಳು ಪ್ರೇಕ್ಷಕರ ಕಡೆಗೆ ತಿರುಗುವುದರಿಂದ ವರ್ತುಲ ಅರ್ಧಚಂದ್ರವಾಗುತ್ತದೆ, ಜೊತೆ ಬದಲಾಗುವ ಸುತ್ತುಗಳು ಕಡಿಮೆಯಾಗುತ್ತವೆ, ಕಲಿಸುವ ಶಕ್ತಿ ಯಾವ ಅಂಗದಲ್ಲಿತ್ತೋ ಅದೇ ಕುಗ್ಗುತ್ತದೆ. ಮಕ್ಕಳನ್ನು ಡ್ಯಾನ್ಸ್ ಕ್ಲಾಸಿಗೆ ಸೇರಿಸುವ ತಂದೆತಾಯಿಗಳು ವರ್ಷಾಂತ್ಯದ ಕಾರ್ಯಕ್ರಮದಲ್ಲಿ ಮಗು ಮುಂದಿನ ಸಾಲಿನಲ್ಲಿರುತ್ತದೆಯೇ ಎಂದು ಕೇಳುವುದು ಸಹಜವಾದರೂ, ಕೂಡಿ ಕುಣಿಯುವ ಕಲೆಯ ಮಟ್ಟಿಗೆ ಅದು ತಪ್ಪು ಪ್ರಶ್ನೆ. ಗುಜರಾತದಲ್ಲಿ ವರ್ತುಲವಾಗಿ ಕುಣಿಯುವ ಗರ್ಬಾ ನೃತ್ಯದ ವಿಷಯದಲ್ಲಿ, ಕೇರಿಯ ಗರ್ಬಾಕ್ಕೂ ಟಿಕೆಟ್ಟಿನ ಮೈದಾನದ ಗರ್ಬಾಕ್ಕೂ ನಡುವೆ ಆಗಿರುವ ಒಡಕು ಇದೇ ಬಗೆಯದು. ಮೈದಾನದಲ್ಲಿ ಬೆಳಕು, ವಾದ್ಯ, ಉಡುಪುಗಳ ವೈಭವವಿದೆ, ಆದರೆ ಗೆಳೆಯರ ಗುಂಪುಗಳು ತಮ್ಮ ತಮ್ಮಲ್ಲೇ ಸಣ್ಣ ವರ್ತುಲ ಕಟ್ಟಿಕೊಳ್ಳುವುದರಿಂದ ಒಬ್ಬನೇ ಬಂದವನಿಗೆ ಸೇರಲು ಸಂದು ಸಿಗುವುದಿಲ್ಲ.

ಹಾಗಾದರೆ ತಾಣವನ್ನು ಅಳೆಯುವುದು ಹೇಗೆ? ಹೋಗಿ ಅರ್ಧ ಗಂಟೆ ಸುಮ್ಮನೆ ನೋಡುವುದರಲ್ಲಿಯೇ ಬಹುಪಾಲು ತಿಳಿಯುತ್ತದೆ. ಕುಣಿಯುವವರ ಚೆಂದವನ್ನಲ್ಲ, ಕುಣಿಯದೆ ಕುಳಿತವರನ್ನು ನೋಡಬೇಕು: ಅವರು ದಣಿದು ಕುಳಿತಿದ್ದಾರೆಯೇ ಅಥವಾ ಯಾರೂ ಕರೆಯದೆ ಕುಳಿತಿದ್ದಾರೆಯೇ, ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಇಡೀ ಸಂಜೆಯಲ್ಲಿ ಯಾರ ಯಾರ ಎದುರು ನಿಂತ, ತಪ್ಪು ಪೆಟ್ಟು ಬಿದ್ದಾಗ ಎದುರಿನವರು ಮುಖ ಸಿಂಡರಿಸಿದರೋ ಅಥವಾ ತಾಳವನ್ನು ಅರೆಕ್ಷಣ ತಡೆದು ಸೇರಿಸಿಕೊಂಡರೋ. ಈ ಅಳತೆಯಲ್ಲಿ ಗೆಲ್ಲುವ ತಾಣ ಹೆಸರಾಂತದ್ದೇ ಆಗಿರಬೇಕಿಲ್ಲ. ಬಲ್ಲವರಿಗೂ ಒಂದು ಹೊಣೆಯಿದೆ. ವಾರಕ್ಕೊಂದು ಸಂಜೆಯನ್ನಾದರೂ ತಮ್ಮ ಮಟ್ಟದವರಿಲ್ಲದ ತಾಲೀಮಿಗೆ ಅವರು ಹೋಗದಿದ್ದರೆ, ಕೆಲವು ವರ್ಷಗಳಲ್ಲಿ ತಮ್ಮ ಮಟ್ಟದವರೂ ಇಲ್ಲವಾಗುತ್ತಾರೆ. ಇದನ್ನು ತ್ಯಾಗವೆಂದು ಕರೆಯಬೇಕಾಗಿಲ್ಲ, ತಮಗೂ ಒಮ್ಮೆ ಯಾರೋ ಹೀಗೆ ಎದುರು ನಿಂತಿದ್ದರ ಋಣವದು. ಬಾಗಲಕೋಟೆಯಂಥ ಕಡೆ ಸೆಕ್ಟರಿಗೊಂದು ವೇದಿಕೆ ಕಟ್ಟುವುದಕ್ಕಿಂತ ಸಂಜೆಯ ಹೊತ್ತು ಶಾಲೆಯ ಅಂಗಳವನ್ನು ದೀಪ ಸಮೇತ ತಾಲೀಮಿಗೆ ಬಿಟ್ಟುಕೊಡುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅಂಗಳದಲ್ಲಿ ವರ್ತುಲವನ್ನು ಎಷ್ಟು ಜನ ಬಂದರೂ ಅಷ್ಟಕ್ಕೆ ಅಗಲಿಸಬಹುದು, ಬಂದವರ ಸಂಖ್ಯೆ ಬೆಸವಾದ ಸಂಜೆ ಕಲಿಸುವವರೇ ಕೋಲು ಹಿಡಿದು ಒಳಗೆ ನಿಲ್ಲಬಹುದು.